ಪಾಂಬನ್ ಸೇತುವೆ: ಅಪ್ಪನನ್ನು ಕರೆದುಕೊಂಡು ಹೋಗಬೇಕು. ರೈಲಿನಲ್ಲಿ ಹೋದರೆ ಚೆನ್ನವೋ, ರಸ್ತೆಯಲ್ಲೋ?

ಹಾಸನದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮಪ್ಪನಿಗೆ ಈಗ 74 ವರ್ಷ. 1979ರಲ್ಲಿ ನಮ್ಮಜ್ಜಿಯನ್ನು ಕರೆದುಕೊಂಡು ರಾಮೇಶ್ವರಕ್ಕೆ ಹೋಗಿದ್ದರು. ಅಜ್ಜಿ ಅದಕ್ಕೂ ಮುಂಚೆ ಕಾಶಿಗೆ ಹೋಗಿ ಬಂದಿದ್ದರು. ಗಂಗೆ ತುಂಬಿದ ತಾಮ್ರದ ಗಿಂಡಿಯನ್ನು ಸೆರಗಿನಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದರಂತೆ. ಬೆಳಗಿನ ಜಾವ ರೈಲು, ಸಮುದ್ರದ ಮೇಲೆ ರಾಮೇಶ್ವರ ದ್ವೀಪಕ್ಕೆ ಹೋಗುವ ಪಾಂಬನ್ ಸೇತುವೆ ಹತ್ತಿತು. ನಡೆದುಕೊಂಡು ಹೋದಷ್ಟೇ ನಿಧಾನವಾಯಿತು. ಅಜ್ಜಿ ಕಿಟಕಿಯಿಂದ ಹತ್ತು ಪೈಸೆಯ ಅಲ್ಯೂಮಿನಿಯಂ ನಾಣ್ಯ ಎಸೆದರು. ಅದು ಕಬ್ಬಿಣಕ್ಕೆ ತಗಲಿ ಟಣ್ ಎಂದಿತು. ನೀರಿಗೆ ಬಿತ್ತೋ, ಸೇತುವೆಯ ಗರ್ಡರ್ ತೊಲೆಯ ಮೇಲೇ ಉಳಿಯಿತೋ ಗೊತ್ತಾಗಲಿಲ್ಲ. ಅಪ್ಪ ಈ ಕಥೆಯನ್ನು ನನಗೆ ನೂರು ಸಲ ಹೇಳಿದ್ದಾರೆ.

ಈಗ ಹೊಸ ಸೇತುವೆ ಆಗಿದೆ, ಹಳೆಯದರ ಮೇಲೆ ರೈಲು ಓಡುವುದಿಲ್ಲ ಅಂತ ಪೇಪರಿನಲ್ಲಿ ಓದಿದ ಮೇಲೆ ಅಪ್ಪನಿಗೆ ಒಂದೇ ಹಟ. "ಅದನ್ನು ಕಳಚುವ ಮುಂಚೆ ಒಂದು ಸಲ ನೋಡಬೇಕು" ಅಂತ. ದೇವಸ್ಥಾನದ ದರ್ಶನ ಹೇಗೂ ಆಗುತ್ತೆ. ಈ ಸಲ ಸೇತುವೆಗೇ ಅಂತ ಹೋಗೋಣ ಎಂದಿದ್ದೇನೆ. ಮಂಡಿ ನೋವಿದೆ, ಜಾಸ್ತಿ ನಡೆಯಲಾರರು. ರೈಲಿನಲ್ಲಿ ದಾಟಿದರೆ ಚೆನ್ನಾಗಿ ಕಾಣುತ್ತಾ? ಅಥವಾ ರಸ್ತೆ ಸೇತುವೆ ಮೇಲೆ ನಿಂತು ನೋಡಬೇಕಾ? ಹೋಗಿ ಬಂದವರು ಹೇಳಿ.

ತಿರುಗಾಟದ ಚೀಲ

ಹೋದ ತಿಂಗಳಷ್ಟೇ ಬೆಂಗಳೂರಿನಿಂದ ಕಾರಿನಲ್ಲಿ ಹೋಗಿ ಬಂದೆ. ಸುಮಾರು 600 ಕಿ.ಮೀ. ಮಧುರೈನಲ್ಲಿ ಒಂದು ರಾತ್ರಿ ಉಳಿದರೆ ಹಿರಿಯರಿಗೆ ಅನುಕೂಲ.

ನಿಮ್ಮ ಪ್ರಶ್ನೆಗೆ ಉತ್ತರ: ಎರಡೂ ಬೇಕು ಅಕ್ಕ. ರೈಲಿನ ಒಳಗೆ ಕೂತರೆ ಸಮುದ್ರ ಕಾಣುತ್ತೆ, ಸೇತುವೆ ಕಾಣುವುದಿಲ್ಲ. ನಾವೇ ಅದರ ಮೇಲೆ ಇರುತ್ತೇವಲ್ಲ. ಸೇತುವೆ ನೋಡಬೇಕಾದರೆ ಪಕ್ಕದ ರಸ್ತೆ ಸೇತುವೆಗೇ ಬರಬೇಕು. ಅದು ತುಂಬಾ ಎತ್ತರ. ಅಲ್ಲಿಂದ ಕೆಳಗೆ ಹಳೆಯದು, ಹೊಸದು ಎರಡೂ ಪಕ್ಕಪಕ್ಕದಲ್ಲಿ ಕಾಣುತ್ತವೆ. ಹಳೆಯದು ನೀರಿಗೆ ಹತ್ತಿರ, ತಗ್ಗಾಗಿ ಮಲಗಿದ ಹಾಗೆ. ಹೊಸದು ಅದಕ್ಕಿಂತ ಮೂರು ಮೀಟರ್ ಎತ್ತರ.

ಆದರೆ ಕಾರನ್ನು ಸೇತುವೆಯ ಮಧ್ಯೆ ನಿಲ್ಲಿಸಬೇಡಿ. ಎಲ್ಲರೂ ನಿಲ್ಲಿಸುತ್ತಾರೆ, ಅದಕ್ಕೇ ಅಲ್ಲಿ ಟ್ರಾಫಿಕ್ ಕಟ್ಟಿಕೊಳ್ಳುತ್ತದೆ. ಪೊಲೀಸರೂ ಬಿಡುವುದಿಲ್ಲ. ದ್ವೀಪಕ್ಕೆ ಅದೊಂದೇ ರಸ್ತೆ. ಆಂಬುಲೆನ್ಸ್ ಹೋಗಬೇಕಾದರೂ ಅದೇ. ಒಂದು ತುದಿಯಲ್ಲಿ ಇಳಿದು, ಅಂಚು ಹಿಡಿದು ನಿಧಾನವಾಗಿ ನಡೆಯಿರಿ. ಕಾರಿನವರು ಆಚೆ ತುದಿಯಲ್ಲಿ ಕಾಯಲಿ.

ಹಳಿಮನೆ (ಹುಬ್ಬಳ್ಳಿ)

ನಾನು ರೈಲ್ವೆಯಲ್ಲಿ 34 ವರ್ಷ ಹಳಿ ನಿರ್ವಹಣೆಯ ಕೆಲಸ ಮಾಡಿ ನಿವೃತ್ತನಾದವನು. ಪಾಂಬನ್‌ನಲ್ಲಿ ಕೆಲಸ ಮಾಡಿಲ್ಲ. ಆದರೆ ಹಳಿಯ ಮೇಲೆ ಬದುಕಿದವನಿಗೆ ಆ ಸೇತುವೆ ಅಂದರೆ ಒಂದು ಥರ ತೀರ್ಥಸ್ಥಳವೇ. ಮೂರು ಸಲ ನೋಡಿ ಬಂದಿದ್ದೇನೆ.

ಅಮ್ಮಾ, ನಿಮ್ಮ ತಂದೆಯವರಿಗೆ ಹೋಗುವ ಮುನ್ನ ಈ ವಿವರ ಹೇಳಿ, ನೋಡುವಾಗ ಸಂತೋಷ ಹೆಚ್ಚುತ್ತದೆ.

ಹಳೆಯ ಸೇತುವೆಯ ಕೆಲಸ ಶುರುವಾಗಿದ್ದು 1911ರಲ್ಲಿ. ರೈಲು ಓಡಿದ್ದು 1914ರ ಫೆಬ್ರವರಿ 24ರಂದು. ಉದ್ದ ಸುಮಾರು 2,065 ಮೀಟರ್. ನೂರನಲವತ್ತಕ್ಕೂ ಹೆಚ್ಚು ಕಂಬಗಳು ಸಮುದ್ರದಲ್ಲಿ ನಿಂತಿವೆ. ಅದರ ಜೀವಾಳ ಇರುವುದು ದೋಣಿಗಳಿಗೆ ದಾರಿ ಬಿಡುವ ಆ ಒಂದು ಭಾಗದಲ್ಲಿ. ಷೆರ್ಜರ್ ಸ್ಪ್ಯಾನ್ ಎನ್ನುತ್ತಾರೆ. ಎರಡು ರೆಕ್ಕೆಗಳು, ಒಂದೊಂದು 400 ಟನ್ನಿಗೂ ಹೆಚ್ಚು ಭಾರ. ಇಷ್ಟು ಭಾರವನ್ನು ಮನುಷ್ಯರು ಕೈಯಿಂದ ಸನ್ನೆ ತಿರುಗಿಸಿ ಎತ್ತುತ್ತಿದ್ದರು. ಮೋಟಾರ್ ಇಲ್ಲ.

ಅದು ಹೇಗೆ ಸಾಧ್ಯ ಅಂತ ಕೇಳಬಹುದು. ನಮ್ಮ ಹೊಲಗಳಲ್ಲಿ ಹಿಂದೆ ಏತ ಇರುತ್ತಿತ್ತಲ್ಲ, ಅದನ್ನು ನೆನೆಸಿಕೊಳ್ಳಿ. ಒಂದು ತುದಿಯಲ್ಲಿ ನೀರಿನ ಬಾನಿ, ಇನ್ನೊಂದು ತುದಿಯಲ್ಲಿ ಕಲ್ಲು. ಭಾರ ಸರಿತೂಗಿದರೆ ಮಗು ಕೂಡ ಎಳೆಯಬಹುದು. ಇಲ್ಲಿಯೂ ರೆಕ್ಕೆಯ ಹಿಂಬದಿಗೆ ಅದಕ್ಕೆ ಸರಿತೂಗುವ ಭಾರ ಇದೆ. ಬುಡದಲ್ಲಿ ಕಬ್ಬಿಣದ ದೊಡ್ಡ ಚಕ್ರ, ಪೂರ್ತಿಯಲ್ಲ, ಕಾಲು ಭಾಗ ಮಾತ್ರ. ಸನ್ನೆ ತಿರುಗಿಸಿದರೆ ಆ ಚಕ್ರ ಹಿಂದಕ್ಕೆ ಉರುಳುತ್ತದೆ, ರೆಕ್ಕೆ ಮೇಲಕ್ಕೆ ಏಳುತ್ತದೆ. ಕೀಲಿನ ಮೇಲೆ ತಿರುಗುವುದಲ್ಲ, ಉರುಳುವುದು. ಅದೇ ಅದರ ಜಾಣತನ.

ಹೊಸದರಲ್ಲಿ ಹಾಗಿಲ್ಲ. 72.5 ಮೀಟರ್ ಉದ್ದದ ಇಡೀ ತುಂಡು ನೆಟ್ಟಗೆ, ಅಡ್ಡಡ್ಡ ಇದ್ದ ಹಾಗೇ, ಎರಡು ಗೋಪುರಗಳ ನಡುವೆ ಮೇಲೆ ಹೋಗುತ್ತದೆ. ಲಿಫ್ಟಿನ ಹಾಗೆ. 17 ಮೀಟರ್ ಏರುತ್ತದೆ. ಮೋಟಾರ್ ಮತ್ತು ಉಕ್ಕಿನ ಹಗ್ಗ. ಸಮುದ್ರದ ಮೇಲೆ ಈ ಥರದ್ದು ನಮ್ಮ ದೇಶದಲ್ಲಿ ಇದೇ ಮೊದಲು. 2025ರ ಏಪ್ರಿಲ್ 6, ರಾಮನವಮಿಯ ದಿನ ಪ್ರಧಾನಿ ಉದ್ಘಾಟನೆ ಮಾಡಿದರು.

ಹಾಸನದವಳು

ಸರ್, ಏತದ ಹೋಲಿಕೆ ಅಪ್ಪನಿಗೆ ಓದಿ ಹೇಳಿದೆ. ಎದ್ದು ಕೂತರು! ನಮ್ಮ ಊರ ತೋಟದಲ್ಲಿ ಏತ ಇತ್ತಂತೆ, ಅವರ ಚಿಕ್ಕಪ್ಪ ಅದರ ಮೇಲೆ ನಡೆದಾಡುತ್ತಿದ್ದರಂತೆ. ತುಂಬಾ ಧನ್ಯವಾದ.

ತುಮಕೂರಿನ ಗೃಹಿಣಿ

ನನ್ನ ಅನುಭವ ಹೇಳಿಬಿಡುತ್ತೇನೆ, ಯಾರಿಗೂ ಹಾಗೆ ಆಗಬಾರದು.

ನಾವು ಎರಡು ವರ್ಷದ ಹಿಂದೆ ಒಂದು ಟೂರ್‌ನವರ ಬಸ್ಸಿನಲ್ಲಿ ಹೋದೆವು. ಕರಪತ್ರದಲ್ಲಿ "ಪಾಂಬನ್ ಸೇತುವೆ ವೀಕ್ಷಣೆ" ಅಂತ ಫೋಟೋ ಸಮೇತ ಹಾಕಿದ್ದರು. ದಾಟಿದ್ದು ರಾತ್ರಿ ಹನ್ನೊಂದೂವರೆಗೆ. ಎಲ್ಲರೂ ನಿದ್ದೆಯಲ್ಲಿದ್ದರು. ವಾಪಸ್ ಬರುವಾಗ ಬೆಳಗಿನ ಜಾವ ನಾಲ್ಕು ಗಂಟೆ. ಮತ್ತೆ ಕತ್ತಲೆ. ನಾನು ಕಿಟಕಿಗೆ ಮುಖ ಒತ್ತಿ ನೋಡಿದೆ. ಒಂದಷ್ಟು ದೀಪ, ಒಂದಷ್ಟು ಗಾಳಿ. ಅಷ್ಟೇ. ನಮ್ಮತ್ತೆಗೆ ಇನ್ನೊಂದು ಸಲ ಹೋಗುವ ಶಕ್ತಿ ಇಲ್ಲ. ಅವರಿಗೆ ಅದನ್ನು ತೋರಿಸಲಾಗಲಿಲ್ಲ ಎನ್ನುವುದು ನನಗೆ ಇವತ್ತಿಗೂ ನೋವು.

ಆದ್ದರಿಂದ ಅಕ್ಕ, ಯಾವುದರಲ್ಲಾದರೂ ಹೋಗಿ, ಹಗಲು ಹೊತ್ತು ದಾಟುವ ಹಾಗೆ ನೋಡಿಕೊಳ್ಳಿ. ಟಿಕೆಟ್ ಮಾಡುವಾಗಲೇ ಕೇಳಿ.

ಮಧುರೈ ಕನ್ನಡಿಗ

ತುಮಕೂರಿನ ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ದೂರದಿಂದ ಬರುವ ಎಕ್ಸ್‌ಪ್ರೆಸ್ ಗಾಡಿಗಳು ಎಷ್ಟೋ ಸಲ ಕತ್ತಲಲ್ಲೇ ದಾಟಿಬಿಡುತ್ತವೆ. ಮಧುರೈನಿಂದ ರಾಮೇಶ್ವರಕ್ಕೆ ಹಗಲಿನಲ್ಲಿ ಪ್ಯಾಸೆಂಜರ್ ಇದೆ. ಅದನ್ನೇ ಹಿಡಿಯಿರಿ. ಹೊರಡುವ ಹಿಂದಿನ ದಿನ ವೇಳಾಪಟ್ಟಿ ನೋಡಿಕೊಳ್ಳಿ, ಬದಲಾಗುತ್ತಿರುತ್ತದೆ. ರಿಸರ್ವೇಶನ್ ತಲೆನೋವಿಲ್ಲ, ಮುಂಚೆ ಹೋಗಿ ಕಿಟಕಿ ಪಕ್ಕ ಹಿಡಿದುಕೊಂಡರೆ ಸಾಕು. ಸೀಟಿಗೆ ಟವೆಲ್ ಹಾಕುವ ಪದ್ಧತಿ ಇಲ್ಲೂ ಇದೆ.

ನಾನು ಹುಟ್ಟಿ ಬೆಳೆದಿದ್ದು ಮಧುರೈನಲ್ಲೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಇಲ್ಲಿಯ ಜನ ಷೆರ್ಜರ್ ಗಿರ್ಜರ್ ಅನ್ನುವುದಿಲ್ಲ. "ತೂಕ್ಕು ಪಾಲಂ" ಅನ್ನುತ್ತಾರೆ. ಎತ್ತುವ ಸೇತುವೆ ಅಂತ ಅರ್ಥ. ಪಾಂಬನ್‌ನಲ್ಲಿ ದಾರಿ ಕೇಳುವಾಗ ಹಾಗೇ ಕೇಳಿ, ತಕ್ಷಣ ತೋರಿಸುತ್ತಾರೆ.

ರೈಲು ಮಂಡಪಂ ನಿಲ್ದಾಣ ಬಿಟ್ಟ ಮೇಲೆ ಸಿದ್ಧವಾಗಿರಿ. ಮೊದಲು ತಾಳೆ ಮರ, ಆಮೇಲೆ ಮರಳು. ಮಾತು ನಿಲ್ಲುವಷ್ಟರಲ್ಲಿ ಎರಡೂ ಕಡೆ ನೀರು. ಒಂದು ಪಕ್ಕ ರಸ್ತೆ ಸೇತುವೆ ಕಾಣುತ್ತೆ, ಇನ್ನೊಂದು ಪಕ್ಕ ಬರೀ ಕಡಲು. ಒಂದೇ ಕಿಟಕಿಗೆ ಅಂಟಿಕೊಳ್ಳಬೇಡಿ, ಎರಡೂ ಕಡೆ ನೋಡಿ. ಬಾಗಿಲಲ್ಲಿ ಮಾತ್ರ ನಿಲ್ಲಬೇಡಿ, ಕೈಮುಗಿದು ಕೇಳುತ್ತೇನೆ. ಗಾಳಿ ಹೇಗೆ ಬೀಸುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಮಲ್ಪೆ ಬಂದರು

ಮೀನುಗಾರರ ಮನೆಯವನು ನಾನು. ಸೇತುವೆ ಅಂದರೆ ಎಲ್ಲರಿಗೂ ರೈಲು ನೆನಪಾಗುತ್ತದೆ. ನನಗೆ ಅದರ ಕೆಳಗಿನ ದಾರಿ ನೆನಪಾಗುತ್ತದೆ.

ಆ ಸೇತುವೆಯ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಎರಡರ ನಡುವೆ ದೋಣಿಗಳಿಗೆ ಬಾಗಿಲು ಅಂದರೆ ಆ ಎತ್ತುವ ಭಾಗವೇ. ಸಣ್ಣ ದೋಣಿಗಳು ಕಂಬಗಳ ನಡುವೆಯೇ ನುಸುಳುತ್ತವೆ. ಎತ್ತರದ್ದು ಬಂದರೆ ಬಂದರು ಕಚೇರಿಯ ಅನುಮತಿ ಬೇಕು, ದಿನ ಗೊತ್ತುಮಾಡಬೇಕು. ಸಾಮಾನ್ಯವಾಗಿ ನಾಲ್ಕೈದು ದೋಣಿ, ಬಾರ್ಜ್ (ಸರಕು ಸಾಗಿಸುವ ಚಪ್ಪಟೆ ದೋಣಿ) ಸೇರಿದ ಮೇಲೆ ಒಟ್ಟಿಗೇ ಬಿಡುತ್ತಾರೆ. ಹಾಗಾಗಿ ತೆರೆಯುವುದನ್ನು ನೋಡಲೇಬೇಕು ಅಂತ ಆಸೆ ಇಟ್ಟುಕೊಂಡು ಹೋದರೆ ನಿರಾಸೆ ಆಗಬಹುದು. ಅದು ಪ್ರವಾಸಿಗರಿಗಾಗಿ ತೆರೆಯುವುದಿಲ್ಲ, ಕಡಲಿನವರಿಗಾಗಿ ತೆರೆಯುತ್ತದೆ. ಹೋದ ದಿನ ತೆರೆದರೆ ನಿಮ್ಮ ಪುಣ್ಯ.

ಇನ್ನೊಂದು ವಿಷಯ. ನಮ್ಮ ಕರಾವಳಿಯಲ್ಲಿ ಮೀನುಗಾರಿಕೆ ನಿಷೇಧ ಜೂನ್, ಜುಲೈ. ಅವರ ಕಡೆ ಏಪ್ರಿಲ್ 15ರಿಂದ ಜೂನ್ 14. ಆ ಎರಡು ತಿಂಗಳು ದೊಡ್ಡ ಬೋಟುಗಳೆಲ್ಲ ಕಟ್ಟಿ ನಿಂತಿರುತ್ತವೆ. ಬೇಸಿಗೆ ರಜೆಗೆ ಹೋದವರು "ಊರು ಸಪ್ಪೆ" ಅನ್ನುತ್ತಾರೆ. ಸಪ್ಪೆ ಅಲ್ಲ, ಊರು ಬಲೆ ಹೆಣೆಯುತ್ತಿರುತ್ತದೆ, ಬೋಟಿಗೆ ಬಣ್ಣ ಬಳಿಯುತ್ತಿರುತ್ತದೆ. ಅದನ್ನೂ ನೋಡಿ. ಅಕ್ಟೋಬರ್‌ನಿಂದ ಡಿಸೆಂಬರ್ ಮಾತ್ರ ಯೋಚಿಸಿ ಹೋಗಿ. ಅಲ್ಲಿ ಮಳೆಗಾಲ ಅದು. ಗಾಳಿ ಎದ್ದರೆ ಎಲ್ಲವೂ ನಿಲ್ಲುತ್ತದೆ.

ಹಳಿಮನೆ (ಹುಬ್ಬಳ್ಳಿ)

ಮಲ್ಪೆಯವರು ಗಾಳಿಯ ಮಾತು ತೆಗೆದಿದ್ದು ಒಳ್ಳೆಯದಾಯಿತು. ಹಳೆಯ ಸೇತುವೆಯಲ್ಲಿ ಗಾಳಿಯ ವೇಗ ಅಳೆಯುವ ಯಂತ್ರ ಇತ್ತು. ಗಂಟೆಗೆ 58 ಕಿ.ಮೀ. ದಾಟಿದರೆ ಸಿಗ್ನಲ್ ತಾನಾಗಿಯೇ ಕೆಂಪಾಗುತ್ತಿತ್ತು. ಗಾಡಿ ಆಚೆ ದಡದಲ್ಲೇ ಕಾಯಬೇಕು. ಯಾಕೆ ಅಷ್ಟು ಎಚ್ಚರ ಅಂದರೆ, ಆ ಸೇತುವೆ ಒಂದು ರಾತ್ರಿ ಕಂಡಿದ್ದನ್ನು ಯಾರೂ ಮರೆಯಲಾರರು.

1964ರ ಡಿಸೆಂಬರ್ 22ರ ರಾತ್ರಿ. ಚಂಡಮಾರುತ. ಪಾಂಬನ್‌ನಿಂದ ದ್ವೀಪದ ತುದಿಯ ಧನುಷ್ಕೋಡಿಗೆ ಹೊರಟಿದ್ದ ಪ್ಯಾಸೆಂಜರ್ ಗಾಡಿ, ಊರು ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಅಲೆಗೆ ಸಿಕ್ಕಿತು. ನೂರಕ್ಕೂ ಹೆಚ್ಚು ಜನ. ಒಬ್ಬರೂ ಉಳಿಯಲಿಲ್ಲ. ಧನುಷ್ಕೋಡಿ ಊರೇ ಹೋಯಿತು. ಪಾಂಬನ್ ಸೇತುವೆಯ 126 ಗರ್ಡರ್‌ಗಳು ಕೊಚ್ಚಿಹೋದವು. ಆದರೆ ಎತ್ತುವ ಆ ಭಾಗ ಮಾತ್ರ ನಿಂತಿತ್ತು.

ರೈಲ್ವೆ ರಿಪೇರಿಗೆ ಆರು ತಿಂಗಳ ಗಡುವು ಇಟ್ಟಿತು. ಮೇಲಿನ ಅಧಿಕಾರಿ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಕೆಲಸ ವಹಿಸಿದ್ದು ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಅವರಿಗೆ. ಆಗ ಅವರಿಗೆ 32 ವರ್ಷ. ಸಮುದ್ರಕ್ಕೆ ಬಿದ್ದಿದ್ದ ಗರ್ಡರ್‌ಗಳನ್ನೇ ಹುಡುಕಿ, ಮೇಲೆತ್ತಿ, ಮತ್ತೆ ಕೂರಿಸಿದರು. 46 ದಿನದಲ್ಲಿ ಗಾಡಿ ಓಡಿತು.

ನಾನು ಹಳಿ ಕೂಲಿಯವರ ಗ್ಯಾಂಗಿನ ಜೊತೆ ಕೆಲಸ ಮಾಡಿದವನು. ಒಂದು ಗರ್ಡರ್ ಅನ್ನು ಕಂಬದ ತಲೆಯ ಬೇರಿಂಗ್ ಮೇಲೆ ಸರಿಯಾಗಿ ಕೂರಿಸುವುದು ಗಟ್ಟಿ ನೆಲದ ಮೇಲೇ ಎಷ್ಟು ಕಷ್ಟ ಅಂತ ಗೊತ್ತು. ಅವರು ಅದನ್ನು ಅಲೆಯ ಮೇಲೆ, ದೋಣಿಯ ಸಹಾಯದಿಂದ, ಅಷ್ಟು ಸಲ ಮಾಡಿದರು. ಶ್ರೀಧರನ್ ಅವರ ಹೆಸರು ಎಲ್ಲರಿಗೂ ಗೊತ್ತು. ಆ 46 ದಿನ ನೀರಿನಲ್ಲಿ ನಿಂತ ಕೂಲಿಯವರ ಹೆಸರು ಎಲ್ಲೂ ಇಲ್ಲ. ಸೇತುವೆ ನೋಡುವಾಗ ಅವರನ್ನೂ ನೆನೆಯಿರಿ.

ಹೊನ್ನಾವರದ ಹುಡುಗ

ಶ್ರೀಧರನ್ ಅವರ ಹೆಸರು ಬಂತಲ್ಲ, ನಾನು ಸುಮ್ಮನಿರಲಾರೆ.

ನಮ್ಮೂರ ಶರಾವತಿ ಮೇಲಿನ ಕೊಂಕಣ ರೈಲ್ವೆ ಸೇತುವೆ ನೋಡಿದ್ದೀರಾ? ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. 2,065.8 ಮೀಟರ್. ಈಗ ಹುಬ್ಬಳ್ಳಿ ಸರ್ ಮೇಲೆ ಕೊಟ್ಟ ಪಾಂಬನ್ ಉದ್ದ ನೋಡಿ. 2,065. ಹೆಚ್ಚುಕಡಿಮೆ ಒಂದೇ! ಇದನ್ನು ಗಮನಿಸಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಒಂದನ್ನು ಚಂಡಮಾರುತದ ನಂತರ ಎಬ್ಬಿಸಿ ನಿಲ್ಲಿಸಿದವರು ಶ್ರೀಧರನ್. ಇನ್ನೊಂದು ಕಟ್ಟಿದ ಕೊಂಕಣ ರೈಲ್ವೆಯ ಮುಖ್ಯಸ್ಥರೂ ಅವರೇ.

ಚಿಕ್ಕವನಿದ್ದಾಗ ಅಜ್ಜ ನನ್ನನ್ನು ಶರಾವತಿಯ ದಂಡೆಗೆ ಕರೆದುಕೊಂಡು ಹೋಗಿ ರೈಲು ತೋರಿಸುತ್ತಿದ್ದರು. ಹಾಸನದ ಅಕ್ಕ, ನಿಮ್ಮ ತಂದೆಯವರಿಗೆ ಪಾಂಬನ್ ಆದ ಮೇಲೆ ಒಂದು ಸಲ ಹೊನ್ನಾವರಕ್ಕೂ ಕರೆತನ್ನಿ. ಊಟ ನಮ್ಮ ಮನೆಯಲ್ಲಿ.

ತಿರುಗಾಟದ ಚೀಲ

ವಾಹ್, ಈ ಶರಾವತಿ ಲೆಕ್ಕ ನನಗೆ ಗೊತ್ತಿರಲಿಲ್ಲ!

ಒಂದು ಸಂದೇಹ. ಹಳೆಯ ಸೇತುವೆ ಮೇಲೆ ನಡೆದು ಹೋಗಲು ಬಿಡುತ್ತಾರಾ? ಕೆಲವರು ವಿಡಿಯೋ ಹಾಕಿದ್ದಾರೆ.

ಹಳಿಮನೆ (ಹುಬ್ಬಳ್ಳಿ)

ಬಿಡುವುದಿಲ್ಲ, ಹೋಗಲೂಬಾರದು. ಹಿಡಿಯಲು ಕಂಬಿ ಇಲ್ಲ, ಹಲಗೆ ಇಲ್ಲ, ಹಳಿಯ ಕೆಳಗಿನ ಅಡ್ಡ ಸ್ಲೀಪರ್‌ಗಳ ನಡುವೆ ನೇರ ನೀರು. ತುಕ್ಕು ಹಿಡಿದ ಕಬ್ಬಿಣ ಯಾವಾಗ ಕೈ ಕೊಡುತ್ತದೆ ಹೇಳಲಾಗದು.

ಚಿತ್ರದುರ್ಗದ ಮೇಷ್ಟ್ರು

ಹಳೆಯದನ್ನು ಕಳಚುವ ವಿಷಯಕ್ಕೆ ಬರೋಣ. ನನಗೆ ಇದು ಬಹಳ ಬೇಸರದ ಸಂಗತಿ. ನೂರ ಹತ್ತು ವರ್ಷ ಕಂಡ ಸೇತುವೆ. ಒಂದು ಕಾಲಕ್ಕೆ ಮದ್ರಾಸಿನಲ್ಲಿ ಬೋಟ್ ಮೇಲ್ ರೈಲು ಹತ್ತಿ, ಈ ಸೇತುವೆ ದಾಟಿ, ಧನುಷ್ಕೋಡಿಯಲ್ಲಿ ಇಳಿದು, ಹಡಗಿನಲ್ಲಿ ಶ್ರೀಲಂಕಾದ ತಲೈಮನ್ನಾರ್‌ಗೆ ಹೋಗಿ, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೋ ಸೇರುತ್ತಿದ್ದರು. ಎರಡು ದೇಶಗಳ ನಡುವಿನ ದಾರಿಯಲ್ಲಿ ನಿಂತಿದ್ದ ಸೇತುವೆ ಅದು. 1988ರಲ್ಲಿ ರಸ್ತೆ ಸೇತುವೆ ಆಗುವವರೆಗೆ ಇಡೀ ದ್ವೀಪದ ಅಕ್ಕಿ, ಬೇಳೆ, ಔಷಧಿ, ಮದುವೆ ದಿಬ್ಬಣ ಎಲ್ಲಕ್ಕೂ ಅದೊಂದೇ ಆಸರೆ.

ಕಲಾಂ ಅವರನ್ನೇ ನೋಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲುತ್ತಿರಲಿಲ್ಲ. ಓಡುವ ಗಾಡಿಯಿಂದ ಎಸೆಯುತ್ತಿದ್ದ ಪೇಪರ್ ಕಟ್ಟುಗಳನ್ನು ಆ ಹುಡುಗ ಆಯ್ದು ಕೊಡುತ್ತಿದ್ದ. ಅದೇ ಅವನ ಮೊದಲ ಸಂಪಾದನೆ. ಆ ಗಾಡಿ ಬರುತ್ತಿದ್ದುದು ಇದೇ ಸೇತುವೆ ದಾಟಿ. ಇಂಥದ್ದನ್ನು ಗುಜರಿಗೆ ಹಾಕುವುದು ಸರಿಯಾ?

ಹಳಿಮನೆ (ಹುಬ್ಬಳ್ಳಿ)

ಮೇಷ್ಟ್ರೇ, ನಿಮ್ಮ ನೋವು ನನಗೂ ಇದೆ. ಆದರೆ ಕಬ್ಬಿಣದ ಪರವಾಗಿ ಒಂದು ಮಾತು ಹೇಳಬೇಕು.

ಆ ಜಾಗದ ಗಾಳಿ ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ಹಿಡಿಸುವುದರಲ್ಲಿ ಅದು ಜಗತ್ತಿನ ಅತಿ ಕೆಟ್ಟ ಜಾಗಗಳಲ್ಲಿ ಒಂದು. ಗರ್ಡರ್‌ಗೆ ಬಣ್ಣ ಹೊಡೆದು ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯಲ್ಲಿ ತುಕ್ಕು ಎದ್ದಿರುತ್ತದೆ. ಕಿರಿದಾದ ಹಳಿಯ ಮೀಟರ್ ಗೇಜ್‌ಗೆ ಅಂತ ಕಟ್ಟಿದ ಸೇತುವೆಯನ್ನು 2007ರಲ್ಲಿ ಅಗಲ ಹಳಿಯ ಬ್ರಾಡ್ ಗೇಜ್‌ಗೆ ಬದಲಾಯಿಸಿ, ಇನ್ನೂ 15 ವರ್ಷ ದುಡಿಸಿದರು. 2018ರ ಡಿಸೆಂಬರ್‌ನಲ್ಲಿ ಎತ್ತುವ ಭಾಗದಲ್ಲಿ ಬಿರುಕು ಕಂಡಿತು, ತಿಂಗಳುಗಟ್ಟಲೆ ಗಾಡಿ ನಿಂತಿತು. 2022ರ ಡಿಸೆಂಬರ್‌ನಲ್ಲಿ ಪೂರ್ತಿ ನಿಲ್ಲಿಸಿದರು. ನೋಡಿಕೊಳ್ಳುವವರಿಲ್ಲದೆ ಅದನ್ನು ಹಾಗೇ ಬಿಟ್ಟರೆ ಒಂದು ಗಾಳಿಗೆ ಗರ್ಡರ್ ಕಳಚಿ ಪಕ್ಕದ ಹೊಸ ಸೇತುವೆಗೆ ಬಡಿಯಬಹುದು. ಆ ಭಯ ಸುಳ್ಳಲ್ಲ.

ನನ್ನ ಆಸೆ ಇಷ್ಟೇ. ಆ ಎರಡು ರೆಕ್ಕೆಗಳನ್ನಾದರೂ ಬಿಚ್ಚಿ, ದಡಕ್ಕೆ ತಂದು, ಸನ್ನೆ ತಿರುಗಿಸುವ ಚಕ್ರದ ಸಮೇತ ನಿಲ್ಲಿಸಬೇಕು. ಮಕ್ಕಳು ಮುಟ್ಟಿ ನೋಡಬೇಕು. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಹಳೆಯ ಉಗಿ ಎಂಜಿನ್ ಮುಟ್ಟಿ ನೋಡುವ ಮಕ್ಕಳ ಮುಖ ನೋಡಿದ್ದೀರಲ್ಲ, ಹಾಗೆ.

ಮಲ್ಪೆ ಬಂದರು

ನಾನೂ ಹುಬ್ಬಳ್ಳಿಯವರ ಕಡೆ. ಹಳೆಯದು, ಹೊಸದು ಎರಡೂ ಇದ್ದರೆ ದೋಣಿಗೆ ಎರಡು ಬಾಗಿಲು. ಎರಡೂ ತೆರೆಯಬೇಕು. 2013ರಲ್ಲಿ ಒಂದು ಬಾರ್ಜ್ ಹೋಗಿ ಆ ಸೇತುವೆಗೇ ಬಡಿದಿತ್ತು. ಸೆಳೆತ ಇರುವ ಕಡೆ ಚುಕ್ಕಾಣಿ ಹಿಡಿದವನಿಗೆ ಕಿರಿದಾದ ದಾರಿ ಅಂದರೆ ಎದೆ ಢವಢವ. ನೆನಪು ಉಳಿಯಬೇಕು ನಿಜ, ಆದರೆ ದುಡಿಯುವವರ ದಾರಿ ಕಟ್ಟಬಾರದು. ರೆಕ್ಕೆಗಳು ದಡಕ್ಕೆ ಬರಲಿ.

ಚಿತ್ರದುರ್ಗದ ಮೇಷ್ಟ್ರು

ಒಪ್ಪಿದೆ. ದೋಣಿಯ ಕಡೆಯಿಂದ ನಾನು ಯೋಚಿಸಿರಲಿಲ್ಲ. ದಡದ ಮೇಲಾದರೂ ಉಳಿಯಲಿ.

ಮಧುರೈ ಕನ್ನಡಿಗ

ಹೋಗುವವರಿಗೆ ಇನ್ನೆರಡು ಜಾಗ. ಪಾಂಬನ್ ಹತ್ತಿರ ಕುಂದುಕಾಲ್ ಅಂತ ಇದೆ. 1897ರ ಜನವರಿ 26ರಂದು ವಿವೇಕಾನಂದರು ಪಶ್ಚಿಮ ದೇಶಗಳಿಂದ ಮರಳುವಾಗ ಕೊಲಂಬೋ ಕಡೆಯಿಂದ ಬಂದು ಕಾಲಿಟ್ಟ ಜಾಗ. ಆಗ ಸೇತುವೆಯೇ ಇರಲಿಲ್ಲ. ಅಲ್ಲಿ ಸ್ಮಾರಕ ಇದೆ, ಜನ ಕಡಿಮೆ, ಹಿರಿಯರು ಕೂತುಕೊಳ್ಳಬಹುದು. ರಾಮೇಶ್ವರದ ದಾರಿಯಲ್ಲಿ ಪೇಯ್ಕರುಂಬು ಎಂಬಲ್ಲಿ ಕಲಾಂ ಅವರ ಸ್ಮಾರಕ.

ಧನುಷ್ಕೋಡಿಗೆ ಈಗ ತುದಿಯವರೆಗೆ ಡಾಂಬರು ರಸ್ತೆ ಇದೆ. ಒಂದು ಕಡೆ ಮಹೋದಧಿ (ಬಂಗಾಳ ಕೊಲ್ಲಿ), ಒಂದು ಕಡೆ ರತ್ನಾಕರ (ಹಿಂದೂ ಮಹಾಸಾಗರ). ಸ್ಥಳೀಯರು ಶಾಂತ ಇರುವುದಕ್ಕೆ ಹೆಣ್ಣು ಕಡಲು, ಅಬ್ಬರದ್ದಕ್ಕೆ ಗಂಡು ಕಡಲು ಅನ್ನುತ್ತಾರೆ. ಅಲ್ಲಿ ಪಾಳು ಚರ್ಚಿನ ಗೋಡೆ, ನಿಲ್ದಾಣದ ಗೋಡೆ ಉಳಿದಿವೆ. ದಯವಿಟ್ಟು ಅದರ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ. ಅದು ಜನ ಸತ್ತ ಊರು. ಇವತ್ತಿಗೂ ಅದರ ಪಕ್ಕ ಗುಡಿಸಲು ಹಾಕಿಕೊಂಡು ಶಂಖ, ಕಪ್ಪೆಚಿಪ್ಪು ಮಾರುವವರಿದ್ದಾರೆ.

ಹಾಸನದವಳು (ಮೂರು ವಾರದ ನಂತರ)

ಹೋಗಿ ಬಂದೆವು! ಎಲ್ಲರಿಗೂ ವರದಿ ಒಪ್ಪಿಸಬೇಕು ಅಂತ ಕೂತಿದ್ದೇನೆ.

ಮಧುರೈನಿಂದ ಹಗಲಿನ ಪ್ಯಾಸೆಂಜರ್ ಹಿಡಿದೆವು. ಅಪ್ಪನಿಗೆ ಕಿಟಕಿ ಸಿಕ್ಕಿತು. ಮಂಡಪಂ ಬಿಟ್ಟ ಮೇಲೆ ಅವರು ಮಾತಾಡಲಿಲ್ಲ. ಹೊಸ ಸೇತುವೆ ಮೇಲೆ ಸದ್ದು ಕಡಿಮೆ. ಅಪ್ಪ ಕಿವಿ ಹೊರಗೆ ಇಟ್ಟು ಕೇಳಿದರು. "ಅವತ್ತು ಧಡಾರ್ ಧಡಾರ್ ಅಂತಿತ್ತು, ಎದೆಗೇ ಬಡಿಯುತ್ತಿತ್ತು" ಅಂದರು. ಪಕ್ಕದಲ್ಲೇ ಹಳೆಯದು ಕಾಣುತ್ತಿತ್ತು. ಮಿನಿಟುಗಟ್ಟಲೆ ನಮ್ಮ ಜೊತೆಜೊತೆಗೇ ಬಂತು. ಅದರ ಮೇಲೆ ಕಡಲಹಕ್ಕಿಗಳು ಸಾಲಾಗಿ ಕೂತಿದ್ದವು. ರೈಲು ಬಂದರೂ ಏಳಲಿಲ್ಲ. ಅವುಗಳಿಗೆ ಗೊತ್ತು, ಈ ಹಳಿಗೆ ಇನ್ನು ರೈಲು ಬರುವುದಿಲ್ಲ ಅಂತ.

ಅಪ್ಪ ಜೇಬಿನಿಂದ ನಾಣ್ಯ ತೆಗೆದರು. ನಾನು ಬೇಡ ಅನ್ನಲಿಲ್ಲ. ಆದರೆ ಅವರೇ ಮತ್ತೆ ಜೇಬಿಗೆ ಹಾಕಿಕೊಂಡರು. ಯಾಕೆ ಅಂತ ಕೇಳಿದೆ. "ಇದು ಅಮ್ಮ ದಾಟಿದ ಸೇತುವೆ ಅಲ್ಲ" ಅಂದರು.

ಮಾರನೆ ದಿನ ಬೆಳಗ್ಗೆ ಆಟೋದಲ್ಲಿ ರಸ್ತೆ ಸೇತುವೆಯ ಪಾಂಬನ್ ತುದಿಗೆ ಹೋದೆವು. ಅಂಚು ಹಿಡಿದು ಸ್ವಲ್ಪವೇ ಸ್ವಲ್ಪ ನಡೆದೆವು. ಅಪ್ಪನಿಗೆ ಮಡಚುವ ಸ್ಟೂಲ್ ತಂದಿದ್ದೆ. ಒಂದು ಗಂಟೆ ನಲವತ್ತು ನಿಮಿಷ ಕಾದೆವು. ಎತ್ತುವುದನ್ನು ನೋಡಲಾಗಲಿಲ್ಲ, ಮಲ್ಪೆಯವರು ಹೇಳಿದ ಹಾಗೆ ಅವತ್ತು ನಮ್ಮ ಪುಣ್ಯ ಇರಲಿಲ್ಲ. ಸಣ್ಣ ದೋಣಿಗಳು ಮಾತ್ರ ಒಂದರ ಹಿಂದೆ ಒಂದು ಕಂಬಗಳ ನಡುವೆ ನುಸುಳಿ ಹೋದವು. ಒಂದು ದೋಣಿಯಲ್ಲಿ ಹುಡುಗನೊಬ್ಬ ನಿಂತು, ಸೇತುವೆ ಕೆಳಗೆ ಬಂದಾಗ ಸುಮ್ನೆ ಕೈ ಎತ್ತಿ ಹಳೆಯ ಕಂಬವನ್ನು ಮುಟ್ಟಿ ಬಿಟ್ಟ. ದಿನಾ ಮುಟ್ಟುತ್ತಾನೇನೋ, ಅಷ್ಟು ಸಲೀಸಾಗಿ.

ಆಮೇಲೆ ರೈಲು ಬಂತು. ಮೇಲಿನಿಂದ ನೋಡಿದರೆ ನೀರಿನ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಅಪ್ಪ ಸ್ಟೂಲಿನಿಂದ ಎದ್ದು ಕಂಬಿ ಹಿಡಿದು ನಿಂತರು. ಬೋಗಿ ಎಣಿಸಿದರು. ಆದರೆ ರೈಲು ಹೋದ ಮೇಲೆ ಅವರು ನೋಡುತ್ತಾ ನಿಂತಿದ್ದು ಹಳೆಯದನ್ನೇ. ಏತದ ವಿಷಯ ನನಗೆ ಮತ್ತೆ ಹೇಳಿದರು, ಕೈಯಿಂದ ತೋರಿಸುತ್ತಾ. ಪಕ್ಕದಲ್ಲಿ ನಿಂತಿದ್ದ ಒಬ್ಬ ತಮಿಳು ಅಜ್ಜನಿಗೂ ಕನ್ನಡದಲ್ಲೇ ವಿವರಿಸಿದರು. ಅವರು ತಮಿಳಿನಲ್ಲಿ ಏನೋ ಹೇಳಿದರು. ಇಬ್ಬರೂ ತಲೆ ಆಡಿಸಿದರು. ನನಗೆ ಅರ್ಥವಾಗಿದ್ದು "ತೂಕ್ಕು ಪಾಲಂ" ಅನ್ನುವುದೊಂದೇ.

ವಾಪಸ್ ಹೊರಡುವ ಮುಂಚೆ ಪಾಂಬನ್ ಊರಿನ ದಡಕ್ಕೆ ಇಳಿದೆವು. ಒಣಮೀನಿನ ವಾಸನೆ, ಬಲೆಗಳ ರಾಶಿ. ಅಲ್ಲಿಂದ ಹಳೆಯ ಸೇತುವೆ ಕಣ್ಣಿನ ಎತ್ತರಕ್ಕೇ ಕಾಣುತ್ತದೆ. ಅಪ್ಪ ನೀರಿಗೆ ಪಾದ ಮುಳುಗುವಷ್ಟು ಇಳಿದು, ಜೇಬಿನ ನಾಣ್ಯ ಅಲ್ಲಿ ಹಾಕಿದರು.

ತುಮಕೂರಿನ ಗೃಹಿಣಿ

ಓದುತ್ತಾ ಕಣ್ಣು ತುಂಬಿ ಬಂತು ಅಕ್ಕ. ನಮ್ಮತ್ತೆಗೆ ಪೂರ್ತಿ ಓದಿ ಹೇಳಿದೆ. "ಆ ಅಜ್ಜಿ ಹೆಸರೇನಂತೆ" ಅಂತ ಕೇಳಿದರು.

ಒಂದು ಕೇಳಬೇಕು. ಅತ್ತೆಯನ್ನು ಇನ್ನೊಂದು ಸಲ ಕರೆದುಕೊಂಡು ಹೋಗಲೇಬೇಕು ಅಂತ ಮನಸ್ಸಾಗಿದೆ. ಅವರಿಗೆ ಮೆಟ್ಟಿಲು ಆಗುವುದಿಲ್ಲ, ಬಿಸಿಲೂ ಆಗುವುದಿಲ್ಲ. ನೀವು ಎಷ್ಟು ಹೊತ್ತಿಗೆ ಹೋಗಿದ್ದಿರಿ?

ಹಾಸನದವಳು

ಖಂಡಿತ ಕರೆದುಕೊಂಡು ಹೋಗಿ ಅಕ್ಕ. ನಾವು ಆರೂವರೆಗೆಲ್ಲ ಅಲ್ಲಿದ್ದೆವು. ಎಂಟೂವರೆಯ ಮೇಲೆ ಬಿಸಿಲು ಸುಡುತ್ತದೆ. ಆಟೋದವರಿಗೆ "ನಿಲ್ಲಿಸಿ ಹೋಗಬೇಡಿ, ತುದಿಯಲ್ಲಿ ಕಾಯಿರಿ" ಅಂತ ಮೊದಲೇ ಮಾತಾಡಿಕೊಳ್ಳಿ. ಮಡಚುವ ಸ್ಟೂಲ್ ಬೇಕೇ ಬೇಕು. ಟೋಪಿ ಬೇಡ, ಗಾಳಿಗೆ ಹಾರಿಹೋಗುತ್ತದೆ. ಅಪ್ಪನದು ಹೋಯಿತು. ತಲೆಗೆ ಟವೆಲ್ ಕಟ್ಟಿ ಗಂಟು ಹಾಕಿ. ನೀರು, ಒಂದೆರಡು ಬಾಳೆಹಣ್ಣು ಚೀಲದಲ್ಲಿರಲಿ.

ಅಜ್ಜಿ ಹೆಸರು ಪುಟ್ಟಮ್ಮ ಅಂತ ಹೇಳಿ ನಿಮ್ಮತ್ತೆಗೆ.